ಈ ಊರಲ್ಲೇ ಇದ್ದಾನೆ ಎಂಬುದಕ್ಕೆ ಇಬ್ಬರು ಸಾಕ್ಷಿ

ಸೊತೀನ್ಯು, ಫುಂದಾವ್ ತಾಲ್ಲೂಕು, ಪೋರ್ಚುಗಲ್
ನವೆಂಬರ್ 9, 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಚಳಿ ಶುರುವಾದ ಮೇಲೆ ಮೂರನೇ ಮಹಡಿಗೆ ಹತ್ತುವುದು ಕಷ್ಟವಾಗಿದೆ ಎಂದು ಸಿಬೆಲ್ ಹೇಳಿದಳು. ನೀನು ಮಾತ್ರ ತುಟಿ ಬಿಚ್ಚಲಿಲ್ಲ. ಮಗಳು ಬಾಯಿಬಿಡುವವರೆಗೂ ನಿನಗೆ ಏನೂ ಆಗಿರುವುದಿಲ್ಲ, ಮೊದಲಿನಿಂದಲೂ ಹೀಗೆಯೇ. ಡಾಕ್ಟರು ಕೊಟ್ಟ ಪಟ್ಟಿಯನ್ನು ಮಂಡಿಗೆ ಕಟ್ಟಿಕೋ ಅಕ್ಕಾ, ಬೀರುವಿನಲ್ಲಿ ಮಡಚಿಟ್ಟರೆ ಬೀರುವಿನ ನೋವು ವಾಸಿಯಾದೀತು ಅಷ್ಟೇ. ರಿಫಾತ್ ಭಾವ ಉಪ್ಪು ಕಡಿಮೆ ಮಾಡಿದರೇ? ನಿನ್ನ ಮೊಮ್ಮಗಳು ದೆಫ್ನೆಗೆ ಎರಡನೇ ಹಲ್ಲು ಬಂತೇ? ಫೋಟೋದಲ್ಲಿ ಮಗು ಥೇಟ್ ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡಿದೆ, ಪಾಪ. ನೀನು ಕಳಿಸಿದ ತರ್ಹಾನಾ ಸೂಪಿನ ಪುಡಿ ತಲುಪಿತು. ಅಂಚೆಯವಳು ಪೊಟ್ಟಣವನ್ನು ಮೂಸಿ ನೋಡಿ, "ಇದನ್ನ ಕುಡೀತೀರೋ, ಗೋಡೆಗೆ ಮೆತ್ತುತ್ತೀರೋ?" ಎಂದು ಕೇಳಿದಳು. ಒಂದು ಬಟ್ಟಲು ಮಾಡಿ ಕೊಟ್ಟೆ. ಈಗ ನೀನು ಮತ್ತೆ ಯಾವಾಗ ಕಳಿಸುತ್ತೀ ಎಂದು ಅವಳೇ ವಿಚಾರಿಸುತ್ತಾಳೆ.

ವಾರಕ್ಕೆರಡು ಸಲ ಫೋನಿನಲ್ಲಿ ಮುಖ ನೋಡುವವನು ಕಾಗದ ಏಕೆ ಬರೆಯುತ್ತಿದ್ದಾನೆ ಎಂದು ನೀನು ಕನ್ನಡಕ ಹುಡುಕುತ್ತಲೇ ಯೋಚಿಸುತ್ತಿರುತ್ತೀ. ಫೋನಿನಲ್ಲಿ ನೀನು "ಯಾವಾಗ ಬರ್ತೀಯೋ ಜೆವ್ದೆತ್?" ಎನ್ನುತ್ತೀ, ನಾನು "ನೋಡೋಣ ಅಕ್ಕಾ" ಎನ್ನುತ್ತೇನೆ, ನಿನ್ನ ಕಣ್ಣು ತುಂಬುತ್ತದೆ, ಅಷ್ಟು ಹೊತ್ತಿಗೆ ಭಾವ ಬಂದು ಹವಾಮಾನ ಕೇಳುತ್ತಾರೆ. ಐದು ವರ್ಷದಿಂದ ನಾವು ಇದನ್ನೇ ಮಾತಾಡಿದ್ದೇವೆ. ಕಾಗದದ ಮೇಲಾದರೆ ನನ್ನ ಮಾತು ತುಂಡಾಗುವುದಿಲ್ಲ. ಹಾಗಾಗಿ ಟೀ ಮಾಡಿಕೊಂಡು ಕೂತು, ಮೊದಲಿನಿಂದ ಹೇಳುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಗುರುವಾರ ನನ್ನ ಕಾರ್ಡು ಬಂತು. ಹಿಂದಿನ ಹಾಗೆ ಎರಡು ವರ್ಷದ್ದೂ ಅಲ್ಲ, ಮೂರು ವರ್ಷದ್ದೂ ಅಲ್ಲ. ಈ ಸಲ ಅದರ ಮೇಲೆ 'ಕಾಯಂ ನಿವಾಸಿ' ಎಂದಿದೆ. ಆಗಾಗ ಹೊಸ ಫೋಟೋ ಕೊಟ್ಟು ಕಾರ್ಡು ಬದಲಿಸಿಕೊಳ್ಳಬೇಕು, ಆದರೆ ಇಲ್ಲಿರಬಹುದೇ ಎಂದು ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ನಿನಗೆ ತೋರಿಸಬೇಕೆಂದು ಹಿಂದೆ ಮುಂದೆ ತಿರುಗಿಸಿ ಫೋಟೋ ತೆಗೆದೆ, ಆಮೇಲೆ ಕಳಿಸಲಿಲ್ಲ. ಅದು ನನ್ನ ಕೈಗೆ ಬಂದ ಕತೆ ಗೊತ್ತಿಲ್ಲದೆ ಅದನ್ನು ನೋಡಿದರೆ ಅದೊಂದು ಪ್ಲಾಸ್ಟಿಕ್ ತುಂಡು ಅಷ್ಟೇ ಅನ್ನಿಸಿತು.

ನಾನು ಇಲ್ಲಿಗೆ ಬಂದದ್ದು ನಿನಗೆ ನೆನಪಿದೆ, ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದ ವರ್ಷ. ಗುಲ್ಸೆರೆನ್ ಸಂಸಾರ ಸಾಕೆಂದು ನನ್ನನ್ನು ಬಿಟ್ಟು ಹೋಗಿದ್ದಳು. ಬುರ್ಸಾದ ಕಂಪನಿ, ಬೇಕರಿ ಒಲೆಗಳ ಕೈಪಿಡಿ ಬರೆಯುವವನಿಗೆ ಕುರ್ಚಿ ಏಕೆ ಎಂದು ಯೋಚಿಸಿ, "ಎಲ್ಲಿಂದ ಬೇಕಾದ್ರೂ ಬರೀರಿ" ಎಂದಿತು. ಒಂದೇ ವರ್ಷ ಎಂದುಕೊಂಡು ಬಂದೆ. ಆಮೇಲೆ ಬದುಕು ಗೋಡೆಯೊಳಗೇ ಸಾಗಿತು. ನಿಮ್ಮ ಎಸ್ಕಿಶೆಹಿರ್‌ನಲ್ಲಿ ಎಂಟೂವರೆಯಾದರೆ, ಬುರ್ಸಾದ ಕಚೇರಿ ತೆರೆಯುವ ಹೊತ್ತದು, ಚಳಿಗಾಲದಲ್ಲಿ ಇಲ್ಲಿ ಐದೂವರೆ, ಆದ್ದರಿಂದ ಬೆಳಿಗ್ಗೆ ಐದಕ್ಕೆ ಎದ್ದು ದೀಪ ಹಾಕಿ ಕೂರುತ್ತಿದ್ದೆ. ಮಧ್ಯಾಹ್ನ ಬ್ರೆಡ್ ತರಲು ಹೋಗುತ್ತಿದ್ದೆ, ಸಂಜೆ ಚೆರಿ ತೋಟಗಳ ಮೇಲಿನ ದಾರಿಯಲ್ಲಿ ಒಂದು ಸುತ್ತು. ನಮಸ್ಕಾರ, ಧನ್ಯವಾದ, ನಾಳೆ ನೋಡೋಣ. ಇಷ್ಟರಲ್ಲೇ ನನ್ನ ಪೋರ್ಚುಗೀಸ್ ಮುಗಿಯುತ್ತಿತ್ತು. ಕಾಯಂ ಕಾರ್ಡಿಗೆ ಭಾಷೆಯ ಪ್ರಮಾಣಪತ್ರ ಬೇಕು ಎಂದಾಗ ಫುಂದಾವ್‌ನ ಸಂಜೆ ಶಾಲೆಗೆ ಸೇರಿದೆ. ಐವತ್ಮೂರರ ವಯಸ್ಸಿನಲ್ಲಿ ಪುಟ್ಟ ಬೆಂಚಿನ ಮೇಲೆ ಕೂತು 'ನನ್ನ ಚಿಕ್ಕಪ್ಪನ ಮನೆ ದೊಡ್ಡದಾಗಿದೆ' ಎಂದು ಬರೆದೆ ಅಕ್ಕಾ. ಪಾಸೂ ಆದೆ.

ಸಂಬಳದ ಪತ್ರ, ತೆರಿಗೆ ಪತ್ರ, ಪೊಲೀಸರ ಪತ್ರ ಎಲ್ಲ ಒಂದು ನೀಲಿ ಕಡತದಲ್ಲಿ ಸೇರಿದವು. ವಲಸೆ ಕಚೇರಿಯವರು ಅಕ್ಟೋಬರ್ ಹದಿನಾರಕ್ಕೆ ಬರಹೇಳಿದ್ದರು. ಉಳಿದದ್ದು ಒಂದೇ, ನಾನು ಇರುವ ಮನೆಯ ಬಾಡಿಗೆ ಕರಾರು. ಅದರ ಅವಧಿ ಬೇಸಿಗೆಯಲ್ಲೇ ಮುಗಿದಿತ್ತು, ಹೊಸದಕ್ಕೆ ಸಹಿ ಹಾಕಬೇಕಿದ್ದ ಮನೆ ಮಾಲೀಕ ಅಬೀಲಿಯು ಆಗಸ್ಟ್‌ನಲ್ಲಿ ತೀರಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿರುವ ಅವರ ಮಕ್ಕಳು ಮೂವರು. ಅವರು ಒಳ್ಳೆಯವರೇ, "ನೀವು ಆರಾಮಾಗಿ ಇರಿ, ಯಾರೂ ಎಬ್ಬಿಸಲ್ಲ" ಎಂದರು. ಆದರೆ ಪಾಲು ಮುಗಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದೂ ಹೇಳಿದರು. ಅಂದರೆ ಮನೆ ಇತ್ತು, ನಾನು ಅದರೊಳಗೆ ಇದ್ದೆ, ಇದ್ದೇನೆ ಎಂದು ಹೇಳುವ ಕಾಗದ ಮಾತ್ರ ಇರಲಿಲ್ಲ. ಕಚೇರಿಗೆ ಹೋಗಲು ಒಂಬತ್ತು ದಿನ ಉಳಿದಿತ್ತು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಗೊತ್ತಿರಲಿಲ್ಲ, ಹಳೆಯ ಕಾರ್ಡಿನ ಅವಧಿ ಆಗಲೇ ಮುಗಿದಿತ್ತು. ಆಗ ನಿನ್ನ ಜೊತೆ ಫೋನಿನಲ್ಲಿ ನಗುನಗುತ್ತಾ ಮಾತಾಡಿದೆ. ಅವತ್ತು ಮಧ್ಯಾಹ್ನ ಊಟ ಮಾಡಿರಲಿಲ್ಲ.

ಊರ ಪಂಚಾಯ್ತಿ ಕಚೇರಿಯಲ್ಲಿ ಗ್ರಾಸಿಯೇತ್ ಎಂಬ ಗುಮಾಸ್ತೆ ಇದ್ದಾಳೆ. ಅವಳು ನಕ್ಕದ್ದನ್ನು ಯಾರೂ ಕಂಡಿಲ್ಲ ಎಂದು ಇಲ್ಲಿಯ ಜನ ಹೇಳುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಕರಾರು ಇಲ್ದಿದ್ರೆ ಏನಂತೆ, ಪಂಚಾಯ್ತಿಯೇ ವಾಸದ ಪತ್ರ ಕೊಡತ್ತೆ. ಈ ಊರಿನ ಇಬ್ಬರು ಮತದಾರರನ್ನ ಕರ್ಕೊಂಡು ಬನ್ನಿ. ನಿಮ್ಮನ್ನ ಬಲ್ಲೋರು, ನೀವು ಇಲ್ಲೇ ಇದ್ದೀರಿ ಅಂತ ಸಹಿ ಹಾಕೋರು," ಎಂದಳು. ಸುಲಭವಾಯಿತು ಎಂದುಕೊಂಡು ಹೊರಗೆ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತೆ. ನನ್ನನ್ನು ಬಲ್ಲವರು ಯಾರು ಎಂದು ಲೆಕ್ಕ ಹಾಕಿದೆ. ಅಂಚೆಯವಳು ಬೇರೆ ಊರಿನವಳು. ಔಷಧಿ ಅಂಗಡಿಯವನು ದಿನಾ ಕೊವಿಲ್ಯಾಂವ್‌ನಿಂದ ಬರುತ್ತಾನೆ. ಸಂಜೆ ಶಾಲೆಯ ಮೇಷ್ಟರು ಫುಂದಾವ್‌ನವರು. ಮೇಲಿನ ಬೀದಿಯ ಡಚ್ ದಂಪತಿಗಳಿಗೆ ನನ್ನ ಹಾಗೆಯೇ ಇಲ್ಲಿ ಯಾರ ಗುರುತೂ ಇಲ್ಲ. ಐದು ವರ್ಷ ಅಕ್ಕಾ. ಒಲೆಯ ಬಾಗಿಲನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂದು ಮೂವತ್ತು ದೇಶಗಳಿಗೆ ತಿಳಿಸಿಕೊಟ್ಟವನಿಗೆ ಪಕ್ಕದ ಮನೆಯವರ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಗೊತ್ತಿರಲಿಲ್ಲ.

ಒಬ್ಬಳು ಸಿಕ್ಕಳು. ಬ್ರೆಡ್ ಅಂಗಡಿಯ ಜುಲ್ಮೀರಾ, ನಿನಗಿಂತ ಎರಡು ವರ್ಷ ದೊಡ್ಡವಳು, ನಿನಗಿಂತ ಜೋರು. ಒಮ್ಮೆ ಅವಳ ಒಲೆ ಕೆಟ್ಟಾಗ, ಅದೇ ನನ್ನ ಕಸುಬು ಎಂದು ಹೆಮ್ಮೆಯಿಂದ ಹೋಗಿ ಒಂದು ಗುಂಡಿ ತಿರುಗಿಸಿದ್ದೆ. ಎರಡು ದಿನ ಊರಿಗೆ ಬ್ರೆಡ್ ಇರಲಿಲ್ಲ. ಅಂದಿನಿಂದ ಅವಳು ನನ್ನನ್ನು "ಇಂಜಿನಿಯರ್ ಸಾಹೇಬ್ರೇ" ಎಂದೇ ಕರೆಯುವುದು. ಸಾಕ್ಷಿ ಹಾಕುತ್ತೀರಾ ಎಂದು ಕೇಳಿದಾಗ ಕೈ ಒರೆಸಿಕೊಳ್ಳುತ್ತಾ, "ಹಾಕ್ತೀನಿ, ಯಾಕೆ ಹಾಕಲ್ಲ? ನೀನು ಈ ಊರಲ್ಲಿ ಇದ್ದೀಯ ಅನ್ನೋದಕ್ಕೆ ನನ್ನ ಒಲೆಯೇ ಸಾಕ್ಷಿ," ಎಂದಳು. "ಇನ್ನೊಬ್ರು ಯಾರು?" ಎಂದಳು. ನಾನು ಚಿಲ್ಲರೆ ಎಣಿಸತೊಡಗಿದೆ. ಅವಳು ನನ್ನ ಮುಖ ನೋಡಿ ನಿಧಾನವಾಗಿ, "ಪಕ್ಕದ ಮನೆ ಎರ್ಮೀನಿಯು ಇದ್ದಾನಲ್ಲಪ್ಪ," ಎಂದಳು.

ಎರ್ಮೀನಿಯು ವಿಷಯ ನಿನಗೆ ನಾನು ಹೇಳಿರಲಿಲ್ಲ, ಏಕೆಂದರೆ ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ. ಎಪ್ಪತ್ತೆಂಟು ವರ್ಷದ ಮುದುಕ, ಒಂಟಿ. ಅವರ ಹಿತ್ತಿಲಿನಲ್ಲಿ ಒಂದು ಹುಂಜ ಇತ್ತು. ನಾನು ಕಂಪ್ಯೂಟರ್ ಮುಂದೆ ಬುರ್ಸಾದವರೊಂದಿಗೆ ಸಭೆಗೆ ಕೂತ ಕ್ಷಣಕ್ಕೆ ಅದು ಶುರು ಮಾಡುತ್ತಿತ್ತು. ಅಲ್ಲಿಂದ ಮೇಲಧಿಕಾರಿ, "ಜೆವ್ದೆತ್ ಅವ್ರೇ, ನೀವು ಪೋರ್ಚುಗಲ್ಲಲ್ಲಿದ್ದೀರೋ, ಕೋಳಿ ಫಾರ್ಮಲ್ಲೋ?" ಎಂದು ಎಲ್ಲರ ಮುಂದೆ ನಗುತ್ತಿದ್ದರು. ಎರಡು ವರ್ಷದ ಹಿಂದೆ, ಪಕ್ಕದ ಮನೆಯ ಕದ ತಟ್ಟಿ ಹೇಳುವ ಬದಲು, ನಿಘಂಟು ಇಟ್ಟುಕೊಂಡು ಪಂಚಾಯ್ತಿಗೆ ದೂರು ಬರೆದೆ. 'ಇವರ ಹುಂಜ ನನ್ನ ಕಚೇರಿಗೆ ತೊಂದರೆ ಕೊಡುತ್ತಿದೆ' ಎಂದು ಬರೆಯಲು ಹೋಗಿ 'ಇವರ ಹುಂಜ ದಿನವೂ ನನ್ನ ಕಚೇರಿಗೆ ಹಾಜರಾಗುತ್ತಿದೆ' ಎಂದು ಬರೆದಿದ್ದೆ. ಕಾಫಿ ಅಂಗಡಿಯಲ್ಲಿ ಅದನ್ನು ಜೋರಾಗಿ ಓದಿ, "ಹಾಗಾದ್ರೆ ಅದಕ್ಕೂ ಸಂಬಳ ಕೊಡಿಸಪ್ಪಾ!" ಎಂದು ನಕ್ಕರಂತೆ. ಎರ್ಮೀನಿಯು ನಗಲಿಲ್ಲವಂತೆ. ಮರುದಿನವೇ ಹುಂಜವನ್ನು ಬೆಟ್ಟದಾಚೆಯ ಭಾವಮೈದುನನಿಗೆ ಕೊಟ್ಟು ಬಂದರು. ಅಂದಿನಿಂದ ನನ್ನನ್ನು ಕಂಡರೆ ಆ ಕಡೆಯ ಗೋಡೆ ನೋಡುತ್ತಿದ್ದರು.

"ಆ ಹುಂಜನ್ನ ಒಲಿಂದಾ ಸಾಕಿದ್ದು ಕಣಪ್ಪ," ಎಂದಳು ಜುಲ್ಮೀರಾ. "ಅವನ ಹೆಂಡ್ತಿ. ಮರಿ ಇದ್ದಾಗ ಏಪ್ರನ್ ಜೇಬಲ್ಲಿಟ್ಕೊಂಡು ಓಡಾಡ್ತಿದ್ಲು. ಅವಳು ತೀರ್ಕೊಂಡ ವರ್ಷಾನೇ ನಿನ್ನ ಕಾಗದ ಬಂತು. ನಿಂಗೆ ಯಾರೂ ಹೇಳ್ಲಿಲ್ವಾ?" ಯಾರು ಹೇಳಬೇಕಿತ್ತು ಅಕ್ಕಾ? ನಾನು ಯಾರನ್ನೂ ಕೇಳಿರಲಿಲ್ಲ. ಆ ಹೆಂಗಸಿನ ಶವ ನನ್ನ ಕಿಟಕಿಯ ಮುಂದೆಯೇ ಹೋಗಿತ್ತು. ಗಂಟೆಯ ಸದ್ದು ಒಳಗೆ ಬಾರದಿರಲಿ ಎಂದು ನಾನು ಕಿಟಕಿ ಹಾಕಿಕೊಂಡಿದ್ದು ನೆನಪಾಯಿತು.

ಎರಡು ದಿನ ಹೋಗಲಿಲ್ಲ, ಧೈರ್ಯ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗೇಟಿನ ಹತ್ತಿರ ನಿಂತೆ. ಎರ್ಮೀನಿಯು ಅಂಗಳದಲ್ಲಿ ಕಲ್ಲಿನ ಮೇಲೆ ಆಕ್ರೋಟು ಒಡೆಯುತ್ತಿದ್ದರು. "ಏನು?" ಎಂದರು, ತಲೆ ಎತ್ತದೆ. "ಯಜಮಾನ್ರೇ, ಒಂದು ಸಹಿ ಬೇಕಿತ್ತು," ಎಂದೆ. "ಯಾತಕ್ಕೆ? ಇನ್ನೊಂದು ದೂರಾ?" ನಾನು ಕಾರ್ಡಿನ ವಿಷಯ ಹೇಳಿದೆ. ಅವರು ಕೇಳಿದರೋ ಇಲ್ಲವೋ ತಿಳಿಯಲಿಲ್ಲ, ಒಡೆಯುತ್ತಲೇ ಇದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹತ್ತು ನಿಮಿಷ ಗೇಟಿನ ಆಚೆ ನಿಂತೆ. ಕಂಠಪಾಠ ಮಾಡಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು. ಕೊನೆಗೆ, "ನಾನು ತಪ್ಪು ಮಾಡ್ದೆ. ಅದು ನಿಮ್ಮ ಮನೆಯವರು ಸಾಕಿದ್ದು ಅಂತ ಗೊತ್ತಿರ್ಲಿಲ್ಲ," ಎಂದೆ. ಆಗ ತಲೆ ಎತ್ತಿದರು. "ಗೊತ್ತಿದ್ದಿದ್ರೆ ಬರೀತಿರ್ಲಿಲ್ವಾ?" ಬರೆಯುತ್ತಿರಲಿಲ್ಲ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬರೀತಿದ್ನೋ ಏನೋ. ಆವಾಗ ನಾನು ಹಾಗೇ ಇದ್ದೆ," ಎಂದೆ.

ಮುದುಕ ಸುತ್ತಿಗೆ ಕೆಳಗಿಟ್ಟರು. "ಅದು ಯಾಕೆ ಹಾಗೆ ಕೂಗ್ತಿತ್ತು ಗೊತ್ತಾ ನಿಂಗೆ? ನಿನ್ನ ಕಿಟಕಿ ಇದೆಯಲ್ಲ, ಅದರ ದೀಪ ನೇರ ನನ್ನ ಕೋಳಿ ಗೂಡಿನ ಮೇಲೆ ಬೀಳತ್ತೆ. ಬೆಳಿಗ್ಗೆ ಐದಕ್ಕೇ! ಪಾಪದ ಪ್ರಾಣಿ, ಸೂರ್ಯ ಹುಟ್ಟಿದ ಅಂದ್ಕೊಳ್ತಿತ್ತು. ನೀನು ಬರೋಕೆ ಮುಂಚೆ ನನ್ನ ಹುಂಜ ಏಳಕ್ಕೆ ಸರಿಯಾಗಿ ಕೂಗ್ತಿತ್ತು, ಸರ್ಕಾರಿ ನೌಕರನ ಹಾಗೆ. ನೀನು ಅದರ ತಲೆ ಕೆಡಿಸ್ದೆ, ಆಮೇಲೆ ಅದರ ಮೇಲೇ ದೂರು ಬರ್ದೆ!" ಅಕ್ಕಾ, ಅಷ್ಟು ನಾಚಿಕೆಯಲ್ಲೂ ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಇಬ್ಬರೂ ಗೇಟಿನ ಎರಡು ಕಡೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ನಿಂತ ಮೇಲೆ ಅವರು ಹೇಳಿದ್ದನ್ನು ನಾನು ಮರೆಯಲಾರೆ. ಇಪ್ಪತ್ತೆರಡರ ಹುಡುಗನಾಗಿದ್ದಾಗ ಬೆಟ್ಟ ದಾಟಿ ಕದ್ದು ಫ್ರಾನ್ಸಿಗೆ ಹೋದವರಂತೆ, ಲಿಯೋನ್ ಹತ್ತಿರ ಗಾರೆ ಕೆಲಸಕ್ಕೆ. "ಇಂಥದ್ದೇ ಒಂದು ಕಾಗದಕ್ಕೆ ನಾನೂ ಒಬ್ಬನ ಬಾಗಿಲಲ್ಲಿ ನಿಂತಿದ್ದೆ. ಅವನು ಒಳಗೆ ಕೂತಿದ್ದು ಕಿಟಕೀಲಿ ಕಾಣ್ತಿತ್ತು. ಏಳ್ಲೇ ಇಲ್ಲ. ನಾನು ಹೊರಗೆ ನಿಂತ್ರೆ ಒಳಗೆ ಕೂತೋನಿಗೆ ಏನನ್ಸತ್ತೆ ಅಂತ ಐವತ್ತು ವರ್ಷದಿಂದ ಯೋಚ್ನೆ ಮಾಡಿದೀನಿ. ಅದಕ್ಕೇ ಇವತ್ತು ನಿನ್ನ ನಿಲ್ಲಿಸ್ದೆ." "ಏನನ್ನಿಸ್ತು?" ಎಂದೆ. "ಏನೂ ಅನ್ನಿಸಲ್ಲ ಕಣಯ್ಯ. ಅದೇ ಕೆಟ್ಟದ್ದು. ಗೇಟು ತಳ್ಳು, ಬಾ, ಕೂತ್ಕೋ." ಅರ್ಧ ಬುಟ್ಟಿ ಆಕ್ರೋಟು ಒಡೆದು ಕೊಟ್ಟು ಬಂದೆ. ಸಹಿಯ ಮಾತು ಎತ್ತಿದರೆ, "ನಾಳೆ ನೋಡೋಣ," ಎಂದರು. ನಾನು ನಿನಗೆ ಫೋನಿನಲ್ಲಿ ಹೇಳುವ 'ನೋಡೋಣ' ಕಿವಿಗೆ ಹೇಗೆ ಬೀಳುತ್ತದೆ ಎಂದು ಅವತ್ತು ತಿಳಿಯಿತು ಅಕ್ಕಾ.

ಮರುದಿನ ಪಂಚಾಯ್ತಿ ಕಚೇರಿ ಹನ್ನೆರಡೂವರೆಗೆ ಮುಚ್ಚುವುದಿತ್ತು. ಜುಲ್ಮೀರಾ ಅಂಗಡಿ ಬಿಟ್ಟು ಹನ್ನೊಂದಕ್ಕೇ ಬಂದು ಕೂತಳು. ಹನ್ನೆರಡಾಯಿತು. ಹನ್ನೆರಡೂಕಾಲಾಯಿತು. ಗ್ರಾಸಿಯೇತ್ ಮುಚ್ಚಳ ತಿರುಗಿಸಿ ಪೆನ್ನು ಮುಚ್ಚುವಾಗ ಬಾಗಿಲಲ್ಲಿ ಎರ್ಮೀನಿಯು ಕಂಡರು, ಕಪ್ಪು ಕೋಟು, ಟೈ, ಗದ್ದದ ಮೇಲೆ ಬ್ಲೇಡಿನ ಗಾಯ. "ಶೇವ್ ಮಾಡ್ಕೊಳ್ತಿದ್ದೆ. ಸರ್ಕಾರದ ಮುಂದೆ ಹೇಗ್ಹೇಗೋ ಬರೋಕಾಗತ್ತಾ?" ಎಂದರು. ಗ್ರಾಸಿಯೇತ್ ನಿಯಮದ ಪ್ರಕಾರ ಕೇಳಿದಳು, ಈ ವ್ಯಕ್ತಿ ಇಲ್ಲಿ ವಾಸವಿರುವುದು ನಿಮಗೆ ಸ್ವಂತವಾಗಿ ತಿಳಿದಿದೆಯೇ ಎಂದು. ಜುಲ್ಮೀರಾ, "ದಿನಾ ಒಂದೂವರೆ ಬ್ರೆಡ್ ತಗೊಳ್ತಾನೆ. ಮೈ ಹುಷಾರಿಲ್ದಾಗ ಅರ್ಧ. ಹೋದ ಫೆಬ್ರವರೀಲಿ ನಾಲ್ಕು ದಿನ ಬರ್ಲಿಲ್ಲ, ಐದನೇ ದಿನಾನೂ ಬರ್ದಿದ್ರೆ ಬಾಗಿಲು ಒಡೀಬೇಕು ಅಂತಿದ್ದೆ," ಎಂದಳು. ಆ ನಾಲ್ಕು ದಿನ ನನಗೆ ಜ್ವರ ಬಂದಿತ್ತು. ಯಾರಿಗೂ ತಿಳಿಯದು ಎಂದುಕೊಂಡಿದ್ದೆ.

ಎರ್ಮೀನಿಯು ಟೋಪಿ ತೆಗೆದರು. "ಐದು ವರ್ಷದಿಂದ ಗೊತ್ತು. ಐದಕ್ಕೆ ಏಳ್ತಾನೆ. ಹನ್ನೊಂದಕ್ಕೆ ಕಿಟಕೀಲಿ ನಿಂತು ಟೀ ಕುಡೀತಾನೆ, ಪಿಂಗಾಣಿ ಬಟ್ಟಲಲ್ಲಲ್ಲ, ಪುಟ್ಟ ಗಾಜಿನ ಲೋಟದಲ್ಲಿ. ಭಾನುವಾರ ಯಾರೋ ಹೆಂಗಸಿನ ಜೊತೆ ಫೋನಲ್ಲಿ ಜೋರಾಗಿ ಮಾತಾಡ್ತಾನೆ, ಆಮೇಲೆ ಬಹಳ ಹೊತ್ತು ಹಿತ್ತಿಲಲ್ಲಿ ಸುಮ್ನೆ ನಿಂತಿರ್ತಾನೆ." ಅದು ನೀನು ಅಕ್ಕಾ. ಈ ಊರಿನ ದಾಖಲೆಯಲ್ಲಿ ನೀನೂ ಸೇರಿದೆ. ಆಮೇಲೆ ಮುದುಕ, "ಆದ್ರೆ ಅದರಲ್ಲಿ ಎರಡು ವರ್ಷ ನಮಗೆ ಮಾತಿರ್ಲಿಲ್ಲ. ಅದೂ ಲೆಕ್ಕಕ್ಕೆ ಬರತ್ತಾ?" ಎಂದು ಪ್ರಾಮಾಣಿಕವಾಗಿ ಕೇಳಿದರು. ಗ್ರಾಸಿಯೇತ್ ಮೊಹರನ್ನು ಶಾಯಿಗೆ ಒತ್ತುತ್ತಾ, "ಬರತ್ತೆ. ಮುಖ ತಿರುಗಿಸ್ಕೊಂಡು ಓಡಾಡೋಕೂ ಇಬ್ರೂ ಒಂದೇ ಬೀದೀಲಿ ಇರ್ಬೇಕಲ್ಲ," ಎಂದಳು. ನಕ್ಕಳು ಅಕ್ಕಾ, ನಾವು ಮೂವರೂ ನೋಡಿದೆವು.

ವಲಸೆ ಕಚೇರಿಯಲ್ಲಿ ಎಲ್ಲ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮೇಜಿನ ಆಚೆ ಇದ್ದ ಹುಡುಗಿ ಪಂಚಾಯ್ತಿಯ ಪತ್ರವನ್ನು ಎರಡು ಸಲ ಓದಿದಳು. ಅವಳು ಏನೋ ಕೇಳಿದಳು, ನಾನು ಉತ್ತರಿಸಿದೆ, ಅವಳು ತಟ್ಟನೆ ತಲೆ ಎತ್ತಿ, "ಈ ಮಾತು ಎಲ್ಲಿ ಕಲಿತ್ರಿ? ನಮ್ಮಜ್ಜ ಮಾತ್ರ ಹೀಗನ್ನೋರು!" ಎಂದಳು. ಜುಲ್ಮೀರಾಳ ಅಂಗಡಿಯಲ್ಲಿ ಕೇಳಿದ ಯಾವುದೋ ಬೆಟ್ಟದ ಮಾತು ಇರಬೇಕು. ಹೆಬ್ಬೆರಳು ಒತ್ತಿಸಿಕೊಂಡಳು, ಫೋಟೋ ತೆಗೆದಳು, "ಕಾರ್ಡು ಮನೆಗೇ ಬರತ್ತೆ," ಎಂದಳು. ಮೂರು ವಾರಕ್ಕೆ ಬಂತು. ಅಂಚೆಯವಳು ಸಹಿ ಹಾಕಿಸಿಕೊಂಡು ಹೋಗದೆ ನಿಂತಳು. "ತೆಗೀರಿ, ನಾನೂ ನೋಡ್ಬೇಕು," ಎಂದಳು.

ಮೊನ್ನೆ ಶುಕ್ರವಾರ ಜುಲ್ಮೀರಾ ತನ್ನ ಒಲೆಯಲ್ಲಿ ಚೆಸ್ಟ್‌ನಟ್ ಸುಟ್ಟು ಕರೆದಿದ್ದಳು, ಆದರೆ ನನ್ನನ್ನು ಒಲೆಯಿಂದ ದೂರ ಕೂರಿಸಿದಳು. ಎರ್ಮೀನಿಯು ಫ್ರಾನ್ಸಿನ ಹಾಡು ಹಾಡಿದರು. ನಾನೂ ಬಿಡಲಿಲ್ಲ, ಅಮ್ಮ ಹೇಳಿಕೊಟ್ಟಿದ್ದ ಒಂದನ್ನು ಹಾಡಿದೆ. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಪನಿಯವರಿಗೆ ಹೇಳಿ ಕೆಲಸ ಏಳಕ್ಕೆ ಶುರು ಮಾಡಿಕೊಂಡಿದ್ದೇನೆ. ಮಧ್ಯಾಹ್ನ ಆಲಿವ್ ಕೀಳಲು ಎರ್ಮೀನಿಯು ಜೊತೆ ಹೋಗುತ್ತೇನೆ. ಬೆನ್ನು ನೋಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ನನ್ನ ಚಿಂತೆ ಮಾಡಬೇಡ.

ರಿಫಾತ್ ಭಾವನಿಗೆ ನನ್ನ ನಮಸ್ಕಾರ, ಸಿಬೆಲ್‌ಗೂ ಅಳಿಯನಿಗೂ ಪ್ರೀತಿ. ದೆಫ್ನೆಯ ಗಂಟಿಕ್ಕಿದ ಹುಬ್ಬಿನ ಮೇಲೆ ನನ್ನ ಪರವಾಗಿ ಒಂದು ಮುತ್ತು. ನಿನ್ನ ಕೈಗಳನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ. ದೇವರು ನಿನಗೆ ಮೆಟ್ಟಿಲು ಹತ್ತುವ ಶಕ್ತಿ ಕೊಡಲಿ, ಪಟ್ಟಿ ಕಟ್ಟಿಕೊಳ್ಳುವ ಬುದ್ಧಿಯನ್ನೂ ಕೊಡಲಿ.

ನಿನ್ನ ತಮ್ಮ,
ಜೆವ್ದೆತ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಸುತ್ತಿ ಬಳಸಿ ಇಲ್ಲಿಯವರೆಗೆ ಬಂದೆ. ನಾನು ಬಂದಾಗ ಬೇಕಾಗುತ್ತದೆಂದು ನಿನ್ನ ಮನೆಯಲ್ಲಿ ನಾನಿದ್ದ ಕೋಣೆಗೆ ನೀನು ಐದು ವರ್ಷದಿಂದ ಬೀಗ ಹಾಕಿಟ್ಟಿದ್ದೀ, ತಿಂಗಳಿಗೊಮ್ಮೆ ಹಾಸಿಗೆಯ ಹೊದಿಕೆ ಬದಲಿಸುತ್ತೀ. ಸಿಬೆಲ್ ಗಂಡನೊಂದಿಗೆ, ಕೂಸಿನೊಂದಿಗೆ ಕುಳಿತುಕೊಳ್ಳುವ ಕೋಣೆಯಲ್ಲಿ ಮಲಗುತ್ತಿದ್ದಾಳೆ, ನಿನಗೆ ಹೆದರಿ ಬಾಯಿ ಬಿಡುವುದಿಲ್ಲ. ಆ ಕೋಣೆಯನ್ನು ಅವರಿಗೆ ಕೊಟ್ಟುಬಿಡು ಅಕ್ಕಾ. ನಾನು ಅಲ್ಲಿರಲು ಇನ್ನು ವಾಪಸು ಬರುವುದಿಲ್ಲ. 'ನೋಡೋಣ' ಅಲ್ಲ, ಬರುವುದಿಲ್ಲ. ಪುಸ್ತಕಗಳನ್ನು ಯಾರಿಗಾದರೂ ಕೊಡು, ಗೋಡೆಗೆ ದೆಫ್ನೆಗೆ ಇಷ್ಟವಾಗುವ ಬಣ್ಣ ಹೊಡೆಸು. ಮಾರ್ಚ್‌ನಲ್ಲಿ ಹಬ್ಬಕ್ಕೆ ಟಿಕೆಟ್ ತೆಗೆದಿದ್ದೇನೆ, ಪೂರ್ತಿ ಒಂದು ತಿಂಗಳು ನಿನ್ನ ಜೊತೆ ಇರುತ್ತೇನೆ. ಸೋಫಾದ ಮೇಲೆ ಹಾಸಿಕೊಡು. ನೆಂಟನಾಗಿ ಬರುತ್ತೇನೆ, ಆದರೆ ನೀನು ಎಲ್ಲರ ಮುಂದೆ ಬೈಯುವುದನ್ನು ಮಾತ್ರ ಬಿಡಬೇಡ. ಅಂಚೆಯವಳು ಹೊರಗೆ ಕಾಯುತ್ತಿದ್ದಾಳೆ. ಭಾನುವಾರವಾದರೂ ಸೂಪು ಕುಡಿಯುವ ನೆಪದಲ್ಲಿ ಬಂದಿದ್ದಾಳೆ, ಕಾಗದವನ್ನು ನಾಳೆಯ ಚೀಲದಲ್ಲಿ ಹಾಕುತ್ತಾಳಂತೆ. ಇನ್ನೊಮ್ಮೆ ಓದಿದರೆ ಇಷ್ಟನ್ನು ಹರಿದುಹಾಕಿಬಿಡುತ್ತೇನೆ, ಹಾಗಾಗಿ ಓದದೆ ಅಂಟಿಸುತ್ತಿದ್ದೇನೆ.